ಬರುವಾಗ ಏರು ಉಂಟಾ? ವಿಮಾನದ ದೂರ, ಗಂಟೆ ಮತ್ತು ಗಡಿಯಾರದ ಲೆಕ್ಕ

ದೊಡ್ಡಮ್ಮನಿಗೆ ಎಪ್ಪತ್ತೊಂದು ವರ್ಷ. ದುಬೈಯಲ್ಲಿರುವ ಮಗಳ ಮನೆಗೆ ಹೊರಟಿದ್ದರು, ಅದೂ ಮೊದಲ ಸಲ ವಿಮಾನದಲ್ಲಿ. ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕೂತು, ಕನ್ನಡಕ ಸರಿ ಮಾಡಿಕೊಂಡು, ಟಿಕೆಟಿನ ಪ್ರಿಂಟನ್ನು ಪಂಚಾಂಗ ನೋಡುವ ಹಾಗೆ ನೋಡಿದರು. ಬಜ್ಪೆಯಿಂದ, ಅಂದರೆ ಮಂಗಳೂರಿನ ವಿಮಾನ ನಿಲ್ದಾಣದಿಂದ, ಬೆಳಿಗ್ಗೆ 10ಕ್ಕೆ ಹೊರಟು ದುಬೈಗೆ ಮಧ್ಯಾಹ್ನ 12.10ಕ್ಕೆ ಮುಟ್ಟುವುದು. ವಾಪಸ್ ಬರುವಾಗ ಮಧ್ಯಾಹ್ನ 1ಕ್ಕೆ ಹೊರಟು ಬಜ್ಪೆಗೆ ಸಂಜೆ 5.45.

"ಇದೆಂತ ಮಾರಾಯ, ಹೋಗುವಾಗ ಎರಡು ಗಂಟೆ, ಬರುವಾಗ ಐದು ಗಂಟೆ! ಬರುವಾಗ ಏರು ಉಂಟಾ?"

ಮನೆಯವರೆಲ್ಲ ನಕ್ಕರು. ಆದರೆ ಪ್ರಶ್ನೆಯಲ್ಲಿ ತಪ್ಪೇನಿದೆ? ಶಿರಾಡಿ ಘಾಟಿಯಲ್ಲಿ ಬಸ್ಸು ಹತ್ತುವುದಕ್ಕೆ ಒಂದು ಹೊತ್ತು, ಇಳಿಯುವುದಕ್ಕೆ ಇನ್ನೊಂದು ಹೊತ್ತು ಎಂದು ಕಂಡವರಿಗೆ ಹೊಳೆಯುವುದು ಹಾಗೆಯೇ. ತಮಾಷೆ ಏನೆಂದರೆ, ಟಿಕೆಟ್ ನೋಡಿದರೆ ಅನಿಸುವುದಕ್ಕೆ ನಿಜ ಪೂರಾ ಉಲ್ಟಾ. ಆ ಟಿಕೆಟಿನ ಪ್ರಕಾರ ಹೋಗುವ ದಾರಿ 3 ಗಂಟೆ 40 ನಿಮಿಷ. ಬರುವ ದಾರಿ 3 ಗಂಟೆ 15 ನಿಮಿಷ. ಬರುವುದೇ ಬೇಗ.

"ದುಬೈಗೆ ಎಷ್ಟಾಗ್ತದೆ?" ಎಂದು ನಾವು ಒಂದೇ ಉಸಿರಲ್ಲಿ ಕೇಳಿಬಿಡುತ್ತೇವೆ. ಆ ಪ್ರಶ್ನೆಯ ಒಳಗೆ ಊರುಗಳ ನಡುವಿನ ದೂರ ಇದೆ, ಹಾರುವ ಹೊತ್ತು ಇದೆ, ಎರಡು ಊರಿನ ಗಡಿಯಾರಗಳಿವೆ, ಕಾಯುವುದೂ ಇದೆ. ಇವು ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದಲೇ ಗೊಂದಲ.

ಇಲ್ಲದ ವಿಮಾನಕ್ಕೆ ಹದಿನೇಳು ಗಂಟೆ

ನನ್ನ ಅಕ್ಕನ ಮಗ ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಕೆಲಸದಲ್ಲಿದ್ದಾನೆ. ಭಾವ ಒಂದು ದಿನ ಮೊಬೈಲಿನಲ್ಲಿ ಮಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳ ಹೆಸರು ಕೊಟ್ಟು ಹುಡುಕಿದರು. ಉತ್ತರ ಬಂತು: ಸುಮಾರು 14,100 ಕಿ.ಮೀ., 17 ಗಂಟೆ. "ಹದಿನೇಳೇ ಗಂಟೆಯಂತೆ, ಇವನು ನೋಡಿದರೆ ಒಂದೂಕಾಲು ದಿನ ಆಗ್ತದೆ ಅಂತಾನೆ" ಎಂದು ಅವರಿಗೆ ಅನುಮಾನ.

ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನವೇ ಇಲ್ಲ. ಹಾಗಾದರೆ ಆ 17 ಗಂಟೆ ಬಂದದ್ದು ಎಲ್ಲಿಂದ? ಬರೀ ಭಾಗಾಕಾರದಿಂದ. ಇಂಥ ಪುಟಗಳು ಸಾಮಾನ್ಯವಾಗಿ ಎರಡು ಊರಿನ ನಡುವಿನ ನೇರ ದೂರ ತೆಗೆದು, ಅದನ್ನು ಗಂಟೆಗೆ 800-900 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಎಂದು ಅರ್ಧ ಗಂಟೆ ಸೇರಿಸಿಬಿಡುತ್ತವೆ. 14,100ನ್ನು 850ರಿಂದ ಭಾಗಿಸಿ ನೋಡಿ, 16.6 ಬರುತ್ತದೆ. ಅರ್ಧ ಸೇರಿಸಿದರೆ 17. ವಿಮಾನ ಇದೆಯೋ ಇಲ್ಲವೋ ಎಂದು ಲೆಕ್ಕ ಕೇಳುವುದಿಲ್ಲ. ಕಾಪುವಿನ ಲೈಟ್‌ಹೌಸಿನಿಂದ ಐಫೆಲ್ ಟವರಿಗೂ ಹಾರುವ ಸಮಯ ಹೇಳಿಬಿಡುತ್ತದೆ.

ಈ ಲೆಕ್ಕ ಸುಳ್ಳು ಅನ್ನುವಂತೆಯೂ ಇಲ್ಲ. ಮಂಗಳೂರಿನಿಂದ ದುಬೈಗೆ ಸುಮಾರು 2,460 ಕಿ.ಮೀ. ಇದೇ ಸೂತ್ರ ಹಾಕಿದರೆ 3 ಗಂಟೆ 24 ನಿಮಿಷ ಬರುತ್ತದೆ. ದೊಡ್ಡಮ್ಮನ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಹೆಚ್ಚುಕಡಿಮೆ ನಡುವೆ. ಅಂದರೆ ಗಾಳಿಯೇ ಇಲ್ಲದ, ಗಡಿಯೇ ಇಲ್ಲದ ಒಂದು ಆಕಾಶದಲ್ಲಿ ಎಷ್ಟು ಹೊತ್ತು ಬೇಕು ಎಂದು ಅದು ಹೇಳುತ್ತದೆ. ಅಂಥ ಆಕಾಶ ಎಲ್ಲಿದೆ ಹೇಳಿ.

ಹತ್ತಿರದ ಊರಿಗೆ ಈ ಸೂತ್ರ ಜಾಸ್ತಿ ಎಡವುತ್ತದೆ. ಬಜ್ಪೆಯಿಂದ ಬೆಂಗಳೂರಿಗೆ ಆಕಾಶದಲ್ಲಿ ಅಳೆದರೆ ಬರೀ 300 ಕಿ.ಮೀ. ಚಿಲ್ಲರೆ. 850ರ ವೇಗದಲ್ಲಿ 21 ನಿಮಿಷದ ದಾರಿ. ಟಿಕೆಟಿನಲ್ಲಿ ಮಾತ್ರ ಒಂದು ಗಂಟೆಯೋ, ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಇರುತ್ತದೆ. ಯಾಕೆಂದರೆ ಆ ಗಂಟೆ ಹಾರುವ ಹೊತ್ತಲ್ಲ. ನಿಂತ ವಿಮಾನದ ಚಕ್ರಕ್ಕೆ ಕೊಟ್ಟ ಅಡೆ ತೆಗೆದಾಗಿನಿಂದ, ಇಳಿದ ಮೇಲೆ ಮತ್ತೆ ಅಡೆ ಕೊಡುವವರೆಗಿನ ಹೊತ್ತು. ರನ್‌ವೇಗೆ ನಿಧಾನಕ್ಕೆ ಹೋಗುವುದು, ಸರದಿ ಕಾಯುವುದು, ಇಳಿದ ಮೇಲೆ ಬೆಂಗಳೂರಿನ ಅಷ್ಟು ದೊಡ್ಡ ಅಂಗಳದಲ್ಲಿ ಸುತ್ತುವುದು ಎಲ್ಲ ಅದರಲ್ಲಿ ಸೇರಿದೆ. ಮೇಲೆ ಇನ್ನೊಂದಿಷ್ಟು ನಿಮಿಷವನ್ನು ಕಂಪನಿಗಳು ಕೈಯಲ್ಲಿ ಇಟ್ಟುಕೊಂಡಿರುತ್ತವೆ, ತಡವಾದರೆ ಇರಲಿ ಎಂದು. ಹೊರಡುವಾಗ ಹತ್ತು ನಿಮಿಷ ತಡ, ಇಳಿಯುವಾಗ "ಸಮಯಕ್ಕೆ ಮೊದಲೇ ತಲುಪಿದ್ದೇವೆ" ಎಂಬ ಘೋಷಣೆ. ಅದರ ಗುಟ್ಟು ಇಷ್ಟೇ.

ಮಟ್ಟುಗುಳ್ಳಕ್ಕೆ ಕಟ್ಟಿದ ದಾರ

ಈಗ ದೂರದ ವಿಷಯ. ಪಣಂಬೂರು ಬೀಚಿನಲ್ಲಿ ನಿಂತು "ಅಮೆರಿಕ ಯಾವ ಕಡೆ?" ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಸಮುದ್ರದ ಕಡೆ ಕೈ ತೋರಿಸುತ್ತಾರೆ. ಶಾಲೆಯ ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡಗಡೆ ಇತ್ತು, ನಮ್ಮ ಎಡಗಡೆ ಅರಬ್ಬೀ ಸಮುದ್ರ. ಸರಿಯಾಗಿಯೇ ಇದೆಯಲ್ವಾ?

ಮನೆಯಲ್ಲಿ ಒಂದು ಮಟ್ಟುಗುಳ್ಳ ಇದ್ದರೆ ತನ್ನಿ. ಉದ್ದ ಬದನೆ ಬೇಡ, ನಮ್ಮ ಮಟ್ಟುವಿನ ಉರುಟು ಗುಳ್ಳವೇ ಆಗಬೇಕು. ತೊಟ್ಟು ಉತ್ತರ ಧ್ರುವ ಎಂದಿಟ್ಟುಕೊಳ್ಳಿ. ನಡುಸೊಂಟಕ್ಕಿಂತ ಸ್ವಲ್ಪ ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಅದು ಮಂಗಳೂರು. ಗುಳ್ಳವನ್ನು ತಿರುಗಿಸಿ, ಹೆಚ್ಚುಕಡಿಮೆ ಬೆನ್ನ ಹಿಂದೆ, ಇನ್ನೂ ಸ್ವಲ್ಪ ಮೇಲೆ ಮತ್ತೊಂದು ಸೂಜಿ. ಅದು ಸ್ಯಾನ್ ಫ್ರಾನ್ಸಿಸ್ಕೊ. ಈಗ ಎರಡು ಸೂಜಿಗೂ ದಾರ ಕಟ್ಟಿ ಬಿಗಿಯಾಗಿ ಎಳೆಯಿರಿ. ದಾರ ಸೊಂಟ ಸುತ್ತಿಕೊಂಡು ಹೋಗುವುದಿಲ್ಲ. ಜಾರಿಕೊಂಡು ತೊಟ್ಟಿನ ಪಕ್ಕದಿಂದಲೇ ದಾಟುತ್ತದೆ. ಉರುಟು ವಸ್ತುವಿನ ಮೇಲೆ ಎರಡು ಜಾಗದ ನಡುವಿನ ಅತಿ ಚಿಕ್ಕ ದಾರಿ ಅದೇ. ಪುಸ್ತಕದಲ್ಲಿ ಇದಕ್ಕೆ ಮಹಾವೃತ್ತ ಎಂಬ ಹೆಸರಿದೆ. ನನಗೆ ದಾರವೇ ಸಾಕು.

ಹಾಗಾದರೆ ಬಜ್ಪೆಯಲ್ಲಿ ನಿಂತವನಿಗೆ ಅಮೆರಿಕದ ಪಶ್ಚಿಮ ಕರಾವಳಿ ಪಡುವಣವೂ ಅಲ್ಲ, ಮೂಡಣವೂ ಅಲ್ಲ, ಬಡಗು. ನೇರ ಉತ್ತರದಿಂದ ಬಲಕ್ಕೆ ಸುಮಾರು 17 ಡಿಗ್ರಿ ಮಾತ್ರ ವಾಲಿದ ದಿಕ್ಕು. ಟೊರೊಂಟೊಗೆ ಹೋಗಬೇಕೆಂದರೂ ಮುಖ ಮಾಡಬೇಕಾದ್ದು ಉತ್ತರಕ್ಕೇ, ಈ ಸಲ ಎಡಕ್ಕೆ 20 ಡಿಗ್ರಿಯಷ್ಟು ವಾಲಿ. ಅರಬ್ಬೀ ಸಮುದ್ರ ದಿಟ್ಟಿಸಿ ಅಮೆರಿಕ ಕಾಣುತ್ತಿದ್ದವರು ಕುದುರೆಮುಖ ಎಡಗಡೆಯೋ ಬಲಗಡೆಯೋ ಎಂದು ಹುಡುಕಬೇಕಾದ ಪರಿಸ್ಥಿತಿ!

ಆ ದಾರ ಎಲ್ಲೆಲ್ಲಿ ಹೋಗುತ್ತದೆ ಎಂದು ಕೂತು ಲೆಕ್ಕ ಹಾಕಿದೆ. ಮಹಾರಾಷ್ಟ್ರ, ಉತ್ತರ ಪ್ರದೇಶ ದಾಟಿ ಹಿಮಾಲಯ ಏರುತ್ತದೆ. ಆಮೇಲೆ ನನಗೇ ನಂಬಿಕೆ ಬರಲಿಲ್ಲ, ಎರಡು ಸಲ ಲೆಕ್ಕ ಮಾಡಿದೆ. ಅದು ಹಾದುಹೋಗುವುದು ಕೈಲಾಸ ಪರ್ವತದ ಆಸುಪಾಸಿನಲ್ಲೇ. ಅಲ್ಲಿಂದ ಸೈಬೀರಿಯ, ಆರ್ಕ್‌ಟಿಕ್ ಸಮುದ್ರ, ಅಲಾಸ್ಕಾ, ಕೆನಡಾದ ಪಶ್ಚಿಮ ಅಂಚು, ಕೊನೆಗೆ ಕ್ಯಾಲಿಫೋರ್ನಿಯ. ಒಟ್ಟು 14,100 ಕಿ.ಮೀ. ಇದನ್ನು ಬಿಟ್ಟು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಪೂರ್ವಕ್ಕೆ ಗೆರೆ ಎಳೆದು, ಆ ಗೆರೆಯ ಮೇಲೆಯೇ ಹಾರಿದರೆ ಸುಮಾರು 16,400 ಕಿ.ಮೀ. ಆಗುತ್ತದೆ. ವ್ಯತ್ಯಾಸ 2,300. ಹತ್ತಿರ ಹತ್ತಿರ ಮಂಗಳೂರಿನಿಂದ ದುಬೈಗೆ ಹೋದಷ್ಟು ದಾರಿ ಸುಮ್ನೆ ದಂಡ.

ನಕ್ಷೆಯದು ಪಾಪ, ತಪ್ಪಿಲ್ಲ. ಕಿತ್ತಳೆ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆ ಹಾಸಲು ಯಾರಿಂದಲೂ ಆಗುವುದಿಲ್ಲ. 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆಯ ಮಾದರಿ ಹಡಗಿನವರಿಗಾಗಿ ಇದ್ದದ್ದು. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಇಟ್ಟುಕೊಂಡು ಹೋದರೆ ಆ ನಕ್ಷೆಯಲ್ಲಿ ನೇರ ಗೆರೆ ಬರುತ್ತದೆ, ಅದು ಅವರಿಗೆ ಅನುಕೂಲ. ಅದಕ್ಕೆ ಕೊಟ್ಟ ಬೆಲೆ ಏನೆಂದರೆ ಧ್ರುವದ ಕಡೆ ಹೋದಂತೆ ಎಲ್ಲವೂ ಉಬ್ಬುತ್ತದೆ. ಆಫ್ರಿಕಾ ಗ್ರೀನ್‌ಲ್ಯಾಂಡಿನ ಸುಮಾರು 14 ಪಟ್ಟು ದೊಡ್ಡದು. ಆ ನಕ್ಷೆಯಲ್ಲಿ ಎರಡೂ ಒಂದೇ ಗಾತ್ರ ಕಾಣುತ್ತವೆ.

ದೂರವನ್ನು ಕೈಯಲ್ಲೇ ಲೆಕ್ಕ ಹಾಕಬೇಕೆಂದರೆ ಒಂದು ಸುಲಭದ ದಾರಿ ಉಂಟು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111 ಕಿ.ಮೀ. ಉತ್ತರ ದಕ್ಷಿಣಕ್ಕೆ ಇದು ಎಲ್ಲ ಕಡೆಗೂ ಸರಿ. ಪೂರ್ವ ಪಶ್ಚಿಮಕ್ಕೆ ಧ್ರುವದ ಕಡೆ ಹೋದಂತೆ ಕಡಿಮೆ ಆಗುತ್ತದೆ, ನಮ್ಮ ಅಕ್ಷಾಂಶದಲ್ಲಿ 108 ಇದೆ. ಮಂಗಳೂರು ಮತ್ತು ಚೆನ್ನೈ ವಿಮಾನ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಯ ಹತ್ತಿರ. ರೇಖಾಂಶದಲ್ಲಿ ವ್ಯತ್ಯಾಸ 5.28 ಡಿಗ್ರಿ. 108ರಿಂದ ಗುಣಿಸಿ, 570 ಕಿ.ಮೀ. ಬಂತು. ಇಷ್ಟೇ. ದೂರದ ಊರಿಗೆ ಸೈನ್, ಕೊಸೈನ್ ಬೇಕಾಗುತ್ತದೆ, ಅದನ್ನು ಕಂಪ್ಯೂಟರಿಗೆ ಬಿಡೋಣ. ಎರಡು ಪುಟಗಳಲ್ಲಿ ಇಪ್ಪತ್ತು ಮೂವತ್ತು ಕಿ.ಮೀ. ಹೆಚ್ಚು ಕಡಿಮೆ ಕಂಡರೆ ಗಾಬರಿ ಬೇಡ. ಭೂಮಿಯೂ ಗುಳ್ಳದ ಹಾಗೆಯೇ, ಪೂರಾ ಉರುಟಲ್ಲ. ಧ್ರುವದಿಂದ ಧ್ರುವಕ್ಕೆ ಅಳೆದರೆ ಸೊಂಟದ ಅಗಲಕ್ಕಿಂತ 43 ಕಿ.ಮೀ. ಕಡಿಮೆ. ಒಬ್ಬರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ.

ಇನ್ನೊಂದು ಮಾತು. ಸುತ್ತಳತೆ 40,000 ಅಂದ ಮೇಲೆ, ಭೂಮಿಯ ಮೇಲೆ ಯಾವ ಊರೂ ನಮ್ಮಿಂದ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರುವುದು ಸಾಧ್ಯವೇ ಇಲ್ಲ. ಮಂಗಳೂರಿನ ಸರಿಯಾದ ಬೆನ್ನ ಹಿಂದಿನ ಜಾಗ ಪೆಸಿಫಿಕ್ ಸಮುದ್ರದ ನಡುವೆ, ಪೆರು ದೇಶದಿಂದ ಪಶ್ಚಿಮಕ್ಕೆ ಇದೆ. ಅಲ್ಲಿ ಇಳಿಯಲು ಏನೂ ಇಲ್ಲ.

ಕೈಲಾಸದ ಮೇಲೆ ಯಾಕೆ ಹಾರುವುದಿಲ್ಲ

ಅಮೆರಿಕಕ್ಕೆ ಹೋಗುವವರಿಗೆಲ್ಲ ಕಿಟಕಿಯಲ್ಲಿ ಕೈಲಾಸ ದರ್ಶನ ಆಗುತ್ತಿದ್ದರೆ ಚೆನ್ನಾಗಿತ್ತು. ಆಗುವುದಿಲ್ಲ. ಹೆಚ್ಚಿನ ವಿಮಾನಗಳು ಟಿಬೆಟ್ಟನ್ನು ತಪ್ಪಿಸಿಯೇ ಹೋಗುತ್ತವೆ. ಪರ್ವತಕ್ಕೆ ತಾಗುತ್ತದೆ ಎಂದಲ್ಲ. ವಿಮಾನ ಹಾರುವುದು 10-12 ಕಿ.ಮೀ. ಎತ್ತರದಲ್ಲಿ. ಅಲ್ಲಿ ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಹೋದರೆ ತಲೆಯ ಮೇಲಿಂದ ಮಾಸ್ಕ್ ಇಳಿಯುತ್ತದೆ. ಆ ಮಾಸ್ಕಿನ ಆಮ್ಲಜನಕ ಕೆಲವೇ ನಿಮಿಷಕ್ಕೆ. ಅಷ್ಟರೊಳಗೆ ಪೈಲಟ್ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು, ಅಲ್ಲಿ ಹಾಗೆಯೇ ಉಸಿರಾಡಬಹುದು. ಟಿಬೆಟ್ಟಿನ ನೆಲವೇ ಸರಾಸರಿ 4.5 ಕಿ.ಮೀ. ಎತ್ತರದಲ್ಲಿದೆ. ಇಳಿಯುವುದು ಎಲ್ಲಿಗೆ?

ಧ್ರುವದ ಕಡೆ ಬೇರೆಯೇ ತಲೆನೋವು. ತುಂಬ ಚಳಿಗೆ ಇಂಧನ ಹೆಪ್ಪುಗಟ್ಟುವ ಭಯ. ಜೆಟ್ ಎ-1 ಇಂಧನಕ್ಕೆ ಮೈನಸ್ 47 ಡಿಗ್ರಿ ಎಂದು ಮಿತಿ ಇದೆ. ಎಂಜಿನ್ ಕೈಕೊಟ್ಟರೆ ಇಳಿಯಲು ಇಂತಿಷ್ಟು ನಿಮಿಷದ ಒಳಗೆ ಒಂದು ನಿಲ್ದಾಣ ಬೇಕು ಎಂಬ ನಿಯಮವೂ ಇದೆ. ಆದರೂ ಹೋಗುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನ ಶುರು ಮಾಡಿದಾಗ, ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದಲೇ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್ಟಿನಲ್ಲಿ ಇದ್ದವರೆಲ್ಲ ಹೆಂಗಸರು. ನೇರ ದೂರ 14,000 ಕಿ.ಮೀ.ಗೆ ಚೂರು ಕಡಿಮೆ, ಹಾರಿದ್ದು 17 ಗಂಟೆಗೂ ಹೆಚ್ಚು.

ಇವು ಪ್ರಕೃತಿಯ ಅಡ್ಡಿಗಳು. ಮನುಷ್ಯರು ಹಾಕಿದ ಬೇಲಿ ಇನ್ನೂ ಬಿಗಿ. ನೆಲಕ್ಕೆ ಗಡಿ ಇರುವ ಹಾಗೆ ಆಕಾಶಕ್ಕೂ ಗಡಿ ಉಂಟು. ಬೇಡ ಅಂದರೆ ಬೇಡವೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಯುರೋಪಿನ ಕಂಪನಿಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಗಂಟೆ ಚಿಲ್ಲರೆಯ ದಾರಿ ಹದಿಮೂರು ಗಂಟೆ ಆಯಿತು. ಊರುಗಳು ಇದ್ದಲ್ಲೇ ಇದ್ದವು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವವರು ಅರಬ್ಬೀ ಸಮುದ್ರದ ಕಡೆ ಇಳಿದು ಸುತ್ತಬೇಕಾಯಿತು. ಕೆಲವು ವಿಮಾನಗಳು ನಡುದಾರಿಯಲ್ಲಿ ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡವು.

ನಮ್ಮ ಬಜ್ಪೆ–ದುಬೈ ದಾರಿಗೆ ಆ ಬಿಸಿ ತಾಗುವುದಿಲ್ಲ. ದಾರ ಎಳೆದು ನೋಡಿದರೆ ಅದು ಸೀದಾ ಸಮುದ್ರದ ಮೇಲೆ ವಾಯವ್ಯಕ್ಕೆ ಹೋಗಿ, ಮಸ್ಕತ್ ಹತ್ತಿರ ನೆಲ ಸೇರಿ, ದುಬೈಗೆ ಮುಟ್ಟುತ್ತದೆ. ಕರಾವಳಿಯಲ್ಲಿ ಹುಟ್ಟಿದ್ದಕ್ಕೆ ಹೀಗೊಂದು ಲಾಭ.

ತುಂಬಿದ ನೇತ್ರಾವತಿಯಲ್ಲಿ ದೋಣಿ

ಭಾವನಿಗೆ ಒಂದು ಹಳೆಯ ವಾದ ಇದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ, ವಿಮಾನ ಸುಮ್ನೆ ಮೇಲೆ ಹೋಗಿ ನಿಂತರೆ ದುಬೈ ತಾನಾಗಿ ಕೆಳಗೆ ಬರಬೇಕು ಎಂದು. ನಮ್ಮ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ತಿರುಗುತ್ತದೆ. ಅವರ ವಾದ ಸರಿಯಾಗಿದ್ದರೆ ಒಂದೂವರೆ ಗಂಟೆಯೊಳಗೆ ದುಬೈ, ಖರ್ಚೂ ಇಲ್ಲ! ಆದರೆ ನೆಲದ ಜೊತೆ ಗಾಳಿಯೂ ತಿರುಗುತ್ತದೆ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಎಷ್ಟು ಜೋರಾಗಿ ಹೋದರೂ ಒಳಗೆ ಹಾರುವ ನೊಣ ಹಿಂದಿನ ಗಾಜಿಗೆ ಹೋಗಿ ಬಡಿಯುವುದಿಲ್ಲ ತಾನೇ? ಅದು ಬಸ್ಸಿನ ಗಾಳಿಯ ಒಳಗೇ ಹಾರುತ್ತಿದೆ. ವಿಮಾನದ್ದೂ ಅದೇ ಕಥೆ.

ಮುಖ್ಯವಾದದ್ದು ಈ ಗಾಳಿಯೇ. ವಿಮಾನದ ವೇಗ ಗಂಟೆಗೆ 830 ಅಂದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಹರಿಯುತ್ತಿದ್ದರೆ? ಆಷಾಢದಲ್ಲಿ ತುಂಬಿದ ನೇತ್ರಾವತಿಯಲ್ಲಿ ಅಳಿವೆಯ ಕಡೆ ದೋಣಿ ಬಿಟ್ಟರೆ ಹುಟ್ಟು ಹಾಕುವುದೇ ಬೇಡ. ಅದೇ ದೋಣಿಯನ್ನು ಬಂಟ್ವಾಳದ ಕಡೆ ತಿರುಗಿಸಿ, ಎಷ್ಟು ಹುಟ್ಟು ಹಾಕಿದರೂ ದಡದ ತೆಂಗಿನ ಮರ ಹಿಂದೆ ಹೋಗುವುದಿಲ್ಲ. ದೋಣಿಯ ಶಕ್ತಿ ಎರಡೂ ಸಲ ಒಂದೇ. ನೀರು ಮಾತ್ರ ಬೇರೆ ಮಾತಾಡುತ್ತದೆ.

ಆಕಾಶದಲ್ಲೂ ಇಂಥ ಹೊಳೆಗಳಿವೆ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಸರಿಯಾಗಿ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೋರು ಗಾಳಿ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಉಷ್ಣ ವಲಯದ ಬಿಸಿಗೂ ಧ್ರುವದ ಚಳಿಗೂ ಇರುವ ವ್ಯತ್ಯಾಸದಿಂದ ಅದು ಹುಟ್ಟುತ್ತದೆ, ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಗಂಟೆಗೆ ನೂರೈವತ್ತು, ಇನ್ನೂರು ಕಿ.ಮೀ. ಮಾಮೂಲು. ಕೆಲವೊಮ್ಮೆ ಮುನ್ನೂರು ದಾಟುತ್ತದೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸಿನ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಗಿಂತಲೂ ಕಡಿಮೆ ಹೊತ್ತಿನಲ್ಲಿ, 4 ಗಂಟೆ 56 ನಿಮಿಷಕ್ಕೆ ಬಂದು ಇಳಿಯಿತು. ನೆಲದ ಮೇಲಿಂದ ಅಳೆದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಎಂಜಿನ್ ಹೊಸದಲ್ಲ. ಬೆನ್ನಿಗೆ ಬಿರುಗಾಳಿ ಇತ್ತು.

ಚಳಿಗಾಲದಲ್ಲಿ ಈ ಹೊಳೆ ದಕ್ಷಿಣಕ್ಕೆ, ಅರೇಬಿಯ ಮತ್ತು ಉತ್ತರ ಭಾರತದ ಮೇಲಕ್ಕೆ ಇಳಿಯುತ್ತದೆ. ಮಳೆಗಾಲಕ್ಕೆ ಹಿಮಾಲಯದ ಆಚೆ ಸರಿಯುತ್ತದೆ. ಬಜ್ಪೆ–ದುಬೈ ದಾರಿಯಲ್ಲಿ ಎದುರು ಗಾಳಿ ಗಂಟೆಗೆ 80 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗುವಾಗ 830ರಿಂದ ಕಳೆದು 750. ಬರುವಾಗ ಸೇರಿಸಿ 910. 2,460 ಕಿ.ಮೀ.ಗೆ ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ ಬಂದುಬಿಡುತ್ತದೆ. ದೊಡ್ಡಮ್ಮನ ಟಿಕೆಟಿನಲ್ಲಿ ಅಡಗಿದ್ದ 25 ನಿಮಿಷ ಇದರ ಸರಾಸರಿ ಲೆಕ್ಕವೇ.

ಹೋಗುವಾಗ ಕಳೆದದ್ದು ಬರುವಾಗ ಪೂರಾ ವಾಪಸ್ ಸಿಗುವುದಿಲ್ಲ ಎಂಬುದನ್ನೂ ಗಮನಿಸಿ. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಹಿಂದಿನ ಗಾಳಿಯಲ್ಲಿ ಕಡಿಮೆ ಹೊತ್ತು. ಒಟ್ಟು ಲೆಕ್ಕದಲ್ಲಿ ಗಾಳಿ ಯಾವಾಗಲೂ ಸ್ವಲ್ಪ ಕಮಿಷನ್ ಇಟ್ಟುಕೊಂಡೇ ಕೊಡುತ್ತದೆ.

ಅದಕ್ಕೇ ಉದ್ದದ ಪ್ರಯಾಣದಲ್ಲಿ ದಾರವನ್ನು ಕಣ್ಣು ಮುಚ್ಚಿ ಹಿಂಬಾಲಿಸುವುದಿಲ್ಲ. ಆ ದಿನದ ಗಾಳಿ ನೋಡಿ ದಾರಿ ಹಾಕುತ್ತಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವಾಗ ಪೂರ್ವಕ್ಕೆ, ಪೆಸಿಫಿಕ್ ಮೇಲಿಂದ ಸುತ್ತಿದರೂ ಲಾಭವೇ, ಯಾಕೆಂದರೆ ಹೊಳೆ ಆ ಕಡೆಗೇ ಹರಿಯುತ್ತದೆ. ಸಾವಿರಾರು ಕಿ.ಮೀ. ಜಾಸ್ತಿ ಹಾರಿ ಹೊತ್ತು ಉಳಿಸುವ ದಿನಗಳೂ ಇರುತ್ತವೆ.

ದುಬೈಗಿಂತ ಅಮೆರಿಕ ಹತ್ತಿರ!

ಈಗ ಗಡಿಯಾರ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದ್ದು. ಇದೊಂದು ತಿಳಿದರೆ ಅರ್ಧ ಗೊಂದಲ ಮುಗಿಯಿತು. 10ಕ್ಕೆ ಹೊರಟು 3 ಗಂಟೆ 40 ನಿಮಿಷ ಹಾರಿದರೆ ನಮ್ಮ ಗಡಿಯಾರದಲ್ಲಿ 1.40. ಅಲ್ಲಿಯದ್ದರಲ್ಲಿ 12.10. ಬರುವಾಗ ಅದೇ ಒಂದೂವರೆ ಗಂಟೆ ಬಡ್ಡಿ ಇಲ್ಲದೆ ವಾಪಸ್ ಸೇರಿಕೊಳ್ಳುತ್ತದೆ.

ಅಮೆರಿಕದ್ದು ಇನ್ನೂ ಮಜಾ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಾರ್ಚಿನಲ್ಲಿ ಒಂದು ಸಲ, ನವೆಂಬರಿನಲ್ಲಿ ಒಂದು ಸಲ ಅವರು ಗಡಿಯಾರ ತಿರುಗಿಸಿಕೊಳ್ಳುತ್ತಾರೆ. ಒಂದು ಶನಿವಾರ, ಚಳಿಗಾಲದಲ್ಲಿ, ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು 17 ಗಂಟೆ ಹಾರಿದಿರಿ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ 7.30. ಅಲ್ಲಿ ಇನ್ನೂ ಶನಿವಾರ ಸಂಜೆ 6. ಟಿಕೆಟಿನಲ್ಲಿ 2.30ಕ್ಕೆ ಹೊರಟು ಅದೇ ದಿನ 6ಕ್ಕೆ ಮುಟ್ಟಿದಿರಿ. ದೊಡ್ಡಮ್ಮನ ಓದಿನ ಪ್ರಕಾರ ಮೂರೂವರೆ ಗಂಟೆ. ದುಬೈಯಿಂದ ಬರುವುದಕ್ಕೆ ನಾಲ್ಕೂಮುಕ್ಕಾಲು ಇತ್ತಲ್ಲ, ಹಾಗಾದರೆ ಅಮೆರಿಕವೇ ಹತ್ತಿರ!

ಅದರ ಸಾಲ ವಾಪಸ್ ಬರುವಾಗ ತೀರಿಸಬೇಕು. 2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಜನವರಿ 9ರ ರಾತ್ರಿ ಹೊರಟು ಬೆಂಗಳೂರಿನಲ್ಲಿ 11ರ ಬೆಳಗಿನ ಜಾವ ಇಳಿಯಿತು. 10ನೇ ತಾರೀಕು ಪೂರಾ ಆಕಾಶದಲ್ಲೇ ಕರಗಿಹೋಯಿತು. ಊರಿನಲ್ಲಿ ಯಾರದಾದರೂ ಮದುವೆ, ಬೊಜ್ಜ (ಉತ್ತರಕ್ರಿಯೆ) ಎಂದು ಅಲ್ಲಿಂದ ಹೊರಡುವವರು ಈ ಒಂದು ದಿನವನ್ನು ಮರೆಯುತ್ತಾರೆ. ನನ್ನ ಅಕ್ಕನ ಮಗ ಒಂದು ಸಲ ಮರೆತಿದ್ದ. ಧಾರೆ ಮುಗಿದು, ಊಟದ ಎರಡನೇ ಪಂಕ್ತಿ ಏಳುವಾಗ ಬಂದ.

ಬಜ್ಪೆಯಿಂದ ನೇರ ಯಾಕಿಲ್ಲ

ಬಜ್ಪೆಯಲ್ಲಿ ಮೊದಲ ವಿಮಾನ ಇಳಿದದ್ದು 1951ರ ಡಿಸೆಂಬರ್ 25ರಂದು, ನೆಹರೂ ಬಂದಿದ್ದರು. ಹೊರದೇಶಕ್ಕೆ ವಿಮಾನ ಶುರುವಾಗಲು 2006ರವರೆಗೆ ಕಾಯಬೇಕಾಯಿತು. ಈಗಿನ ದೊಡ್ಡ ರನ್‌ವೇ 2,450 ಮೀಟರ್. ಗಲ್ಫಿಗೆ ಹೋಗುವ ಬೋಯಿಂಗ್ 737, ಏರ್‌ಬಸ್ 320ರಂಥ ವಿಮಾನಗಳಿಗೆ ಅಷ್ಟು ಸಾಕು. 17 ಗಂಟೆ ಹಾರುವ ವಿಮಾನ ನೂರು ಟನ್ನಿಗಿಂತ ಜಾಸ್ತಿ ಇಂಧನವನ್ನೇ ಹೊತ್ತುಕೊಂಡು ಹೊರಡುತ್ತದೆ. ಅಷ್ಟು ಭಾರಕ್ಕೆ ಓಡಲು ಇನ್ನೂ ಉದ್ದದ ನೆಲ ಬೇಕು. ಬೆಂಗಳೂರಿನ ರನ್‌ವೇಗಳು 4,000 ಮೀಟರ್ ಇವೆ. ಇಲ್ಲಿ ಗುಡ್ಡದ ತಲೆ ಸಪಾಟು ಮಾಡಿ ಕಟ್ಟಿದ್ದು, ಸುತ್ತಲೂ ಕಣಿವೆ. 2010ರ ಮೇ 22ರ ವಿಮಾನ ದುರಂತದ ಬಳಿಕ ಟೇಬಲ್‌ಟಾಪ್ ಎಂಬ ಪದವನ್ನು ಈ ಊರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಹಾಗಾಗಿ ದೂರದ ಪ್ರಯಾಣ ಅಂದರೆ ನಮಗೆ ಎರಡು ತುಂಡು, ಮೂರು ತುಂಡು. ದುಬೈ ಮೂಲಕ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರೆ 2,460 ಮತ್ತು 13,020, ಒಟ್ಟು 15,480 ಕಿ.ಮೀ. ದಾರದ ದೂರಕ್ಕಿಂತ 1,400 ಜಾಸ್ತಿ, ಅಷ್ಟೇ. ಸುತ್ತು ದೊಡ್ಡದಲ್ಲ. ದೊಡ್ಡದು ಕಾಯುವುದು. ಉಡುಪಿಯ ಮನೆಯಿಂದ ಬಜ್ಪೆಗೆ ಒಂದೂವರೆ ಗಂಟೆ. ಮೂರು ಗಂಟೆ ಮೊದಲು ಅಲ್ಲಿರಬೇಕು. ದುಬೈಯಲ್ಲಿ ನಾಲ್ಕು ಗಂಟೆ ಕುರ್ಚಿಯಲ್ಲಿ ತೂಕಡಿಕೆ. ಅಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜ್, ಮತ್ತೆ ಕಾರು. ಎಲ್ಲ ಸೇರಿಸಿದರೆ ಮೂವತ್ತು ಗಂಟೆ ಹಿಡಿಯುತ್ತದೆ. ಅಕ್ಕನ ಮಗ ಹೇಳಿದ ಒಂದೂಕಾಲು ದಿನ ಸರಿಯೇ. ಎರಡು ತುಂಡಿಗೂ ಒಂದೇ ಟಿಕೆಟ್ ಮಾಡಿಸಿದ್ದರೆ ಮೊದಲನೆಯದು ತಡವಾದರೂ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ಆದರೆ ಆ ಹೊಣೆ ನಮ್ಮ ತಲೆಗೆ, ಬ್ಯಾಗನ್ನೂ ಸಾಮಾನ್ಯವಾಗಿ ನಾವೇ ತೆಗೆದುಕೊಂಡು ಮತ್ತೆ ಕೊಡಬೇಕು. ಸಾವಿರ ರೂಪಾಯಿ ಉಳಿಸಲು ಹೋಗಿ ಇದನ್ನು ಮರೆಯಬೇಡಿ.

ಒಂದು ಜುಲೈಯಲ್ಲಿ ನಾನು ಬೆಂಗಳೂರಿನಿಂದ ಸಂಜೆಯ ವಿಮಾನ ಹತ್ತಿದೆ. ಬಜ್ಪೆಯ ಮೇಲೆ ಮೋಡ ಹೇಗೆ ಕವಿದಿತ್ತೆಂದರೆ ರನ್‌ವೇ ಕಾಣಲೇ ಇಲ್ಲ. ಅರ್ಧ ಗಂಟೆ ಸುತ್ತಿ ವಾಪಸ್ ಬೆಂಗಳೂರಿಗೇ ಹೋದೆವು. ಎರಡು ಗಂಟೆ ಹಾರಿ, ಹೊರಟಲ್ಲೇ ಇಳಿದೆ! ರಾತ್ರಿ ಬಸ್ಸು ಹಿಡಿದು, ಘಾಟಿಯ ಹೊಂಡಗಳನ್ನೆಲ್ಲ ಲೆಕ್ಕ ಮಾಡಿಕೊಂಡು, ಬೆಳಿಗ್ಗೆ ಮನೆ ಮುಟ್ಟಿದೆ. 300 ಕಿ.ಮೀ.ಗೆ ಹದಿನಾಲ್ಕು ಗಂಟೆ.

ದೊಡ್ಡಮ್ಮ ಎರಡು ತಿಂಗಳು ಇದ್ದು ದುಬೈಯಿಂದ ಬಂದರು. ಬಜ್ಪೆಗೆ ಕರೆದುಕೊಂಡು ಬರಲು ಹೋಗಿದ್ದೆ. ಕಟೀಲು ದಾಟುವಾಗ ಅವರ ಕೈಗಡಿಯಾರ ನೋಡಿದರೆ ಸರಿಯಾಗಿ ನಮ್ಮೂರ ಸಮಯ. ಇಳಿದ ಕೂಡಲೇ ತಿರುಗಿಸಿಕೊಂಡಿರಾ ಎಂದು ಕೇಳಿದೆ. ಇಲ್ಲವಂತೆ. ಊರಲ್ಲಿ ದೇವರಿಗೆ ದೀಪ ಇಡುವ ಹೊತ್ತು ಗೊತ್ತಾಗಬೇಕೆಂದು ಅಲ್ಲಿಯೂ ಎರಡು ತಿಂಗಳು ಅದನ್ನು ಮುಟ್ಟಲೇ ಇಲ್ಲವಂತೆ.

"ಹೋಗುವಾಗ ಹತ್ತಕ್ಕೆ ಹೊರಟದ್ದು ಒಂದೂ ನಲ್ವತ್ತಕ್ಕೆ ಮುಟ್ಟಿತು. ಬರುವಾಗ ಎರಡೂವರೆಗೆ ಹೊರಟು ಐದೂಮುಕ್ಕಾಲು" ಎಂದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ಏರು ಇದ್ದದ್ದು ಹೋಗುವಾಗ ಮಾರಾಯ" ಎಂದರು.